ಸತ್ತವನ ಲಾಗಿನ್

ದಿನಾಂಕ ಹದಿನಾಲ್ಕು, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಠಾಣೆಗೆ ಬಂದು ಬರೆದುಕೊಟ್ಟ ದೂರನ್ನು ಇನ್ಸ್‌ಪೆಕ್ಟರು ಎರಡು ಸಲ ಓದಿದರು.

"ಇದರಲ್ಲಿ ಹೆಸರಿರೋರು ತೀರಿಕೊಂಡು ಎಷ್ಟು ದಿನ ಆಯ್ತು?"

"ಏಳು ತಿಂಗಳು ಸರ್. ನಮ್ಮ ಸಿಸ್ಟಮ್ ಅಡ್ಮಿನ್, ಸರ್ವರ್‌ಗಳನ್ನೆಲ್ಲ ನೋಡ್ಕೊಳ್ತಿದ್ದೋರು."

ಮುಖ್ಯಪೇದೆ ಪೆನ್ನು ಕೆಳಗಿಟ್ಟ. "ಸಮನ್ಸ್ ಎಲ್ಲಿಗೆ ಕಳಿಸೋದು ಸರ್?"

ಯಾರೂ ನಗಲಿಲ್ಲ.

ಆಸ್ಪತ್ರೆಯ ಯಂತ್ರಗಳನ್ನೆಲ್ಲ ಒಂದು ನಿಗಾ ಸರ್ವರ್ ಕಾಯುತ್ತದೆ. ಏನಾದರೂ ಕೆಟ್ಟರೆ ಪಾಳಿಯವರ ಫೋನು ಬಡಿದುಕೊಳ್ಳುತ್ತದೆ. ಯಾರಾದರೂ ತೆರೆಯ ಮೇಲೆ 'ನೋಡಿದ್ದೇನೆ' ಎಂದು ಒತ್ತಿದರಷ್ಟೇ ನಿಲ್ಲುತ್ತದೆ. ಶನಿವಾರ ಬೆಳಿಗ್ಗೆ ರಕ್ತನಿಧಿಯ ಫ್ರಿಜ್ ಕೆಟ್ಟಿತ್ತು. 7.21ಕ್ಕೆ ಎಚ್ಚರಿಕೆ, 7.22ಕ್ಕೆ 'ನೋಡಿದ್ದೇನೆ'. ಒತ್ತಿದವನ ಹೆಸರು ಸತ್ತವನದು. ಯಾರೋ ನೋಡಿಕೊಂಡರು ಎಂದು ಪಾಳಿಯವರು ಸುಮ್ಮನಾದರು. ಸಂಜೆಯ ಹೊತ್ತಿಗೆ ರಕ್ತವೆಲ್ಲ ಹಾಳು. ಹೆರಿಗೆಯಾದ ಹೆಂಗಸೊಬ್ಬಳು ರಕ್ತ ಸಿಗದೆ ಬೇರೆ ಆಸ್ಪತ್ರೆ ಸೇರಿ ಕೂದಲೆಳೆಯಲ್ಲಿ ಬದುಕಿಕೊಂಡಳು.

ಎಫ್‌ಐಆರ್ ದಾಖಲಾಯಿತು. 12.40ಕ್ಕೆ ಸರ್ವರ್ ಕೋಣೆಯಲ್ಲಿ ಪಂಚನಾಮೆ. ಕೊರೆಯುವ ಚಳಿ. ಕುರ್ಚಿಯೊಂದರ ಬೆನ್ನಿಗೆ ಸತ್ತವನ ಸ್ವೆಟರ್ ಇನ್ನೂ ತೂಗುತ್ತಿತ್ತು. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ.

"ಹೊರಗಿಂದ ಈ ಸರ್ವರ್ ಒಳಗೆ ಬರಬಹುದಾ?"

"ಪಾಸ್‌ವರ್ಡ್ ಇದ್ರೆ ಸಾಕು ಸರ್."

"ಅವರ ಖಾತೆ ಯಾಕೆ ಮುಚ್ಚಿಲ್ಲ?"

ಮುಖ್ಯಸ್ಥ ಸ್ವೆಟರಿನ ಕಡೆ ನೋಡಿದ. "ಯಾರಿಗೂ ಮನಸ್ಸು ಬರಲಿಲ್ಲ."

ಸತ್ತವನು ಸಿಸ್ಟಮ್ ಅಡ್ಮಿನ್‌ಗಳ ಆನ್‌ಲೈನ್ ವೇದಿಕೆಯೊಂದರ ಹಳೆಯ ಸದಸ್ಯ. ಇನ್ಸ್‌ಪೆಕ್ಟರು ಅಲ್ಲಿ ತಮ್ಮ ಹುದ್ದೆ ಹೇಳಿಕೊಂಡು ಸಹಾಯ ಕೇಳಿದರು. ಸಂಜೆ ಐದಕ್ಕೆ ವೇದಿಕೆ ನಡೆಸುವವನ ಫೋನ್ ಬಂತು. ಅಲ್ಲಿ ಅವನನ್ನು ಎಲ್ಲರೂ ಗೂಬೆ ಎನ್ನುತ್ತಾರೆ.

"ಸರ್ವರನ್ನ ಹೊರಗಡೆಗೆ ತೆರೆದಿಡಬೇಡಿ, ಪಾಸ್‌ವರ್ಡ್ ಜೊತೆ ಇನ್ನೊಂದು ಬೀಗ ಇರಲಿ ಅಂತ ನಮಗೆಲ್ಲ ಬಡ್ಕೊಳ್ತಿದ್ದೋನೇ ಅವನು ಸರ್. ತನ್ನ ಆಫೀಸಲ್ಲೇ ಒಪ್ಪಿಸೋಕಾಗಲಿಲ್ಲ ಅಂತ ಕೊರಗ್ತಿದ್ದ."

"ಆಗದವರು ಯಾರಾದ್ರೂ?"

"ಇಲ್ಲ," ಎಂದ ಗೂಬೆ. "ಅವನು ಹೋದಾಗ ನಾವೆಲ್ಲ ಬರೆದ ಸಂತಾಪದ ಪುಟ ಇದೆ. ಅವನ ಖಾತೆಯಿಂದಲೇ ಅದನ್ನ ದಿನಾ ಯಾರೋ ಓದ್ತಾರೆ. ಬೆಳಿಗ್ಗೆ ಏಳೂಕಾಲಿಗೆ. ಕಳ್ಳ ಹಾಗೆಲ್ಲ ಮಾಡಲ್ಲ ಸರ್."

ಒತ್ತುವವರನ್ನು ಹಿಡಿಯಲೆಂದು ಖಾತೆಯನ್ನು ತೆರೆದೇ ಇಡಿಸಿ, ಮಂಗಳವಾರ ಬೆಳಿಗ್ಗೆ ಏಳಕ್ಕೇ ಇನ್ಸ್‌ಪೆಕ್ಟರು ಸರ್ವರ್ ಕೋಣೆಯಲ್ಲಿದ್ದರು. 7.24ಕ್ಕೆ ತೆರೆಯ ಮೇಲೆ ಪ್ರಿಂಟರೊಂದರ ಎಚ್ಚರಿಕೆಯ ಕೆಂಪು ಸಾಲು ಅವರ ಕಣ್ಣೆದುರೇ ಹಸಿರಾಯಿತು. ಪಕ್ಕದಲ್ಲಿ ಆ ಹೆಸರು. ಮುಖ್ಯಪೇದೆ ತಿರುಗಿ ಕುರ್ಚಿಯನ್ನು ನೋಡಿದ. ಇನ್ಸ್‌ಪೆಕ್ಟರೂ ನೋಡಿದರು, ಆಮೇಲೆ ನಾಚಿಕೆಪಟ್ಟರು.

ಆ ಲಾಗಿನ್ ಬಂದ ಸಂಪರ್ಕಕ್ಕೆ ಇಂಟರ್ನೆಟ್ ಕಂಪನಿ ಕೊಟ್ಟ ವಿಳಾಸ ಸತ್ತವನ ಮನೆಯದೇ ಆಗಿತ್ತು. ಬುಧವಾರ 7.30ಕ್ಕೆ ಬಾಗಿಲು ತೆರೆದವರು ಅವನ ಅಕ್ಕ, ಅವನನ್ನು ಎತ್ತಿ ಆಡಿಸಿ ಬೆಳೆಸಿದವರು. ಊಟದ ಮೇಜಿನ ಮೇಲೆ ಅವನ ಲ್ಯಾಪ್‌ಟಾಪ್ ತೆರೆದಿತ್ತು.

"ಇದನ್ನ ಒತ್ತೋರು ನೀವೇನಾ ಅಮ್ಮ?"

"ಹೌದು. ತಿಂಡಿ ತಿನ್ನುತ್ತಾ ಅವನು ಒತ್ತೋದು ನೋಡ್ತಿದ್ದೆ. ಪಾಸ್‌ವರ್ಡೂ ಗೊತ್ತಿತ್ತು."

"ಶನಿವಾರ ರಕ್ತದ ಫ್ರಿಜ್ಜು ಅಂತ ಬಂದಿತ್ತು. ಓದಲಿಲ್ವಾ?"

"ಅದೆಲ್ಲ ನನಗೆ ತಿಳಿಯಲ್ಲಪ್ಪ. ಕೆಂಪಾಗಿತ್ತು, ಒತ್ತಿದೆ."

ಇನ್ಸ್‌ಪೆಕ್ಟರು ಬಾಣಂತಿಯ ವಿಷಯ ಹೇಳಿದರು. ಅಕ್ಕ ಲ್ಯಾಪ್‌ಟಾಪ್ ಮುಚ್ಚಿದರು.

"ಮಗು?"

"ಚೆನ್ನಾಗಿದೆ. ತಾಯಿನೂ ಉಳ್ಕೊಂಡ್ಲು."

ಲ್ಯಾಪ್‌ಟಾಪ್ ಜಪ್ತಿಯಾಯಿತು. 8.05ಕ್ಕೆ ಅಕ್ಕನ ದಸ್ತಗಿರಿ. ಖಾತೆ ಮುಚ್ಚದೆ ಬಿಟ್ಟ ಮುಖ್ಯಸ್ಥನ ನಿರ್ಲಕ್ಷ್ಯವನ್ನೂ ಇನ್ಸ್‌ಪೆಕ್ಟರು ವರದಿಯಲ್ಲಿ ಕಾಣಿಸಿದರು. ಯಾಕೆ ಮಾಡಿದಿರಿ ಎಂಬ ಪ್ರಶ್ನೆಗೆ ಅಕ್ಕನ ಹೇಳಿಕೆ ಒಂದೂವರೆ ಸಾಲು: "ಒತ್ತಿದ ಕೂಡಲೇ ಅವನ ಹೆಸರು ಬರ್ತಿತ್ತು. ಅದರ ಪಕ್ಕ ಇವತ್ತಿನ ತಾರೀಕು."

ಸಹಿ ಹಾಕಿ ಪೆನ್ನು ವಾಪಸ್ ಕೊಡುವಾಗ ಅವರು ಕೇಳಿದರು, "ಇನ್ನು ಬರಲ್ಲ ಅಲ್ವಾ?"

"ಬರಲ್ಲಮ್ಮ," ಎಂದರು ಇನ್ಸ್‌ಪೆಕ್ಟರು.