ಬೆಡ್‌ಶೀಟಿನ ಆಚೆ ತುದಿ

"ಅಯ್ಯೋ, ನಿಂಗೆ ಮಾತು ಬರುತ್ತಾ?"

ಪಾರ್ಟಿಯಲ್ಲಿ ಗ್ಲಾಸು ಹಿಡಿದಿದ್ದ ಅವಳು ಬೆಚ್ಚಿ ತಿರುಗಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟಿನ ಆಚೆ ತುದಿ ಹಿಡಿಯುವವನು! ಅವಳು ಮನಸ್ಸಿನಲ್ಲೇ ಲಂಬು ಎಂದು ಹೆಸರಿಟ್ಟುಕೊಂಡವನು. ಎರಡು ತಿಂಗಳು ಜೊತೆಗೆ ಕೆಲಸ ಮಾಡಿದರೂ ಅವನೊಂದಿಗೆ ಅವಳು ಒಂದು ಮಾತೂ ಆಡಿರಲಿಲ್ಲ.

ಪರದೇಶದ ಭಾಷೆ ಕಿವಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕೆಲಸದಲ್ಲಿ ಅಪ್ಪಟ ಮೌನಗೌರಿ. ಆದರೆ ಆ ಸಂಜೆಯ ಪಾರ್ಟಿಯಲ್ಲಿ ಎರಡು ಗ್ಲಾಸು ಇಳಿದದ್ದೇ ತಡ, ಅರಳು ಹುರಿದಂತೆ ಮಾತಾಡಿದ್ದಳು.

"ನಿನ್ನ ಮಾತು ಕೇಳೋಕೆ ಚೆನ್ನಾಗಿದೆ," ಎಂದ ಲಂಬು.

ಅಷ್ಟು ಸಾಕಾಯಿತು ಹುಡುಗಿಗೆ. ಇವನಿಗೆ ಬೇಕಾದವಳು ಮಾತುಗಾರ್ತಿ... ಕುಡಿಯದಿದ್ದರೆ ನಾನು ಅವಳಲ್ಲ... ಹಾಗಾದರೆ ಕುಡಿಯಲೇಬೇಕು!

ಮೊದಲು ಸಂಜೆ ಮಾತ್ರ. ಆಮೇಲೆ ಮಧ್ಯಾಹ್ನದ ಬಿಡುವಿನಲ್ಲಿ. ಕೊನೆಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು.

"ಅಲ್ಲಿಗೆ ಹೊಂದ್ಕೊಂಡ್ಯಾ ಮಗಳೇ?" ಫೋನಿನಲ್ಲಿ ಅಮ್ಮ ಕೇಳುತ್ತಿದ್ದಳು.

"ಹೂಂ ಅಮ್ಮ, ಆರಾಮಾಗಿದೀನಿ."

ಫೋನಿಟ್ಟ ಮೇಲೆ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಳು.

ಲಾಂಡ್ರಿಯ ಇಸ್ತ್ರಿ ಯಂತ್ರಕ್ಕೆ ದಪ್ಪನೆಯ ಬಿಸಿ ರೋಲರ್‌ಗಳಿದ್ದವು. ಇಬ್ಬರು ಒಂದೊಂದು ಮೂಲೆ ಹಿಡಿದು ಬಟ್ಟೆಯನ್ನು ಒಳಗೆ ಬಿಡಬೇಕು, ಸಮಯಕ್ಕೆ ಸರಿಯಾಗಿ ಕೈಬಿಡಬೇಕು. ಅಂದು ಅವಳು ಲಂಬುವಿಗೆ ಏನೋ ಹೇಳಿ ನಗುತ್ತಿದ್ದಳು. ಕೈಬಿಡುವುದೇ ಮರೆತುಹೋಯಿತು.

ಲಂಬು ಕೆಂಪು ಗುಂಡಿ ಒತ್ತಿದ. ಯಂತ್ರ ನಿಂತಾಗ ಅವಳ ಬೆರಳಿಗೆ ಶಾಖ ತಾಗುತ್ತಿತ್ತು.

ಓಡಿ ಬಂದವನಿಗೆ ಅವಳ ಬಾಯಿಂದ ಹೆಂಡದ ವಾಸನೆ ಬಡಿಯಿತು. ಅವನ ಮುಖ ಬಿಳಿಚಿಕೊಂಡಿತು. ನೇರವಾಗಿ ಸೂಪರ್‌ವೈಸರ್ ಕೋಣೆಗೆ ಹೋದ.

"ನಾಳೆಯಿಂದ ಕೊಳೆ ಬಟ್ಟೆ ವಿಂಗಡಿಸು. ಇನ್ನೊಂದ್ಸಲ ವಾಸನೆ ಬಂದ್ರೆ ಕೆಲಸ ಇಲ್ಲ, ವಾಪಸ್ ಊರಿಗೆ ಹೋಗು," ಎಂದಳು ಸೂಪರ್‌ವೈಸರ್.

ಚಾಡಿ ಹೇಳಿದನೇ... ಅದೂ ಅವನು! ಅವಳ ಎದೆ ಒಡೆದುಹೋಯಿತು.

ಮರುದಿನ ಕುಡಿಯದೆ ಬಂದಳು. ಧೈರ್ಯದಿಂದಲ್ಲ, ಭಯದಿಂದ. ಕೈ ನಡುಗುತ್ತಿತ್ತು. ಒಂದೇ ಒಂದು ಗುಟುಕು ಸಿಕ್ಕರೆ ಸಾಕೆಂದು ಜೀವ ಬಾಯಿಬಿಡುತ್ತಿತ್ತು. ಆಗ ಲಂಬು ಕೊಳೆ ಬಟ್ಟೆಯ ಕೋಣೆಯ ಬಾಗಿಲಲ್ಲಿ ನಿಂತ.

"ಕೋಪಾನಾ?"

ಅವಳು ಮುಖ ತಿರುಗಿಸಿದಳು.

"ನಿನ್ನ ಕೈ ಸುಟ್ಟುಹೋಗೋದನ್ನ ನಾನು ನಿಂತು ನೋಡ್ಬೇಕಿತ್ತಾ? ಕೆಲಸದಿಂದ ತೆಗೀಬೇಡಿ ಅಂತ ಅವ್ರನ್ನ ಎಷ್ಟು ಬೇಡ್ಕೊಂಡೆ ಗೊತ್ತಾ?"

ಕಲಿತ ಪದಗಳೆಲ್ಲ ಎಲ್ಲಿ ಹಾಳಾಗಿ ಹೋದವೋ!

"ಕುಡೀದಿದ್ರೆ... ಮಾತು ಬರಲ್ಲ. ನಿಂಗೆ... ಮಾತಾಡೋಳು ಬೇಕಲ್ಲ..."

ಲಂಬು ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತ. "ಅದಕ್ಕೆ ಕುಡಿದ್ಯಾ? ನೀನು ಸುಮ್ನಿದ್ದಾಗ್ಲೇ ಅಲ್ವಾ, ಬೇರೆ ಕಡೆ ಹಾಕ್ತೀವಿ ಅಂದ್ರೂ ನಾನು ಹೋಗದೆ ನಿನ್ನ ಜೊತೆ ಉಳಿದಿದ್ದು?"

ಅವಳು ಅವನ ಭಾಷೆಯಲ್ಲಿ ಏನೋ ಹೇಳಲು ಬಾಯಿ ತೆರೆದಳು, ಪದ ಸಿಗಲಿಲ್ಲ.

"ನಿನ್ನ ಭಾಷೇಲೇ ಹೇಳು," ಎಂದ.

"ನಿಂಗೆ ಅರ್ಥ ಆಗಲ್ಲ."

"ಆಗದಿದ್ರೆ ಬೇಡ. ಹೇಳು."

ಕಟ್ಟೆ ಒಡೆಯಿತು.

"ಒಬ್ಳೇ ಇರೋಕೆ ಆಗ್ತಿಲ್ಲ ಕಣೋ... ಅಮ್ಮಂಗೆ ದಿನಾ ಸುಳ್ಳು ಹೇಳ್ತೀನಿ... ಬಿಡ್ಬೇಕು ಅಂತೀನಿ, ಬಿಡೋಕಾಗ್ತಿಲ್ಲ. ಹೀಗೇ ಸತ್ತುಹೋಗ್ತೀನೇನೋ ಅಂತ ಭಯ ಆಗುತ್ತೆ... ಆದ್ರೂ ನೀನು ಬೇಕು ನಂಗೆ..."

ಅವನು ಕದಲದೆ ಕೇಳಿದ. ಅವಳ ಅಳು ತಗ್ಗುವವರೆಗೂ ಎದ್ದು ಹೋಗಲಿಲ್ಲ.

"ಏನು ಅರ್ಥ ಆಯ್ತು?" ಅವಳು ಅವನ ಭಾಷೆಯಲ್ಲಿ ಕೇಳಿದಳು.

"ಒಂದಕ್ಷರಾನೂ ಇಲ್ಲ. ನಿನ್ನನ್ನ ಒಬ್ಳೇ ಬಿಡ್ಬಾರ್ದು ಅನ್ನೋದಷ್ಟೇ ಗೊತ್ತಾಯ್ತು. ಮೇಲಿನ ಮಹಡೀಲಿ ಕುಡಿತ ಬಿಡಿಸೋ ಡಾಕ್ಟ್ರಿದ್ದಾರೆ. ಹೋಗೋಣ್ವಾ?"

"ಭಯ ಆಗುತ್ತೆ."

"ನಂಗೂ ಆಗುತ್ತೆ. ಕೊನೇಲಿ ಏನೋ ಅಂದ್ಯಲ್ಲ, ಅದೇನು?"

ಒಂದು ಹನಿಯೂ ಒಳಗಿಳಿಯದ ಬಾಯಿಂದ, ಅವನ ಭಾಷೆಯಲ್ಲಿ, ಅವಳು ತಡವರಿಸಿ ಹೇಳಿದಳು.

"ನೀನು ಬೇಕು ಅಂದೆ."

"ಸರಿ, ಏಳು," ಎಂದು ಲಂಬು ಕೈ ಚಾಚಿದ. ಆ ಕೈಯೂ ನಡುಗುತ್ತಿತ್ತು.