ಎಡಕ್ಕೆ ನೋಡಿದ ಗಿಳಿ

ಸುಕನ್ಯ ಫೋಟೊವನ್ನು ಆಂಜನಮ್ಮನ ಮೇಜಿನ ಮೇಲಿಟ್ಟಳು. ಇಂದಿರಾನಗರದಲ್ಲಿ ಯಾರದೋ ನಿಶ್ಚಿತಾರ್ಥ. ಗುರುತಿಲ್ಲದ ಹುಡುಗಿಯ ಮುಂಗೈ ಮೇಲೆ ಮೆಹಂದಿಯ ಬಳ್ಳಿ, ಬಳ್ಳಿಯಲ್ಲೊಂದು ಗಿಳಿ. ಸುಕನ್ಯಳ ತಾಯಿ ಸಾಯುವ ಮುಂಚೆ ಮೊಮ್ಮಗಳ ಮದುವೆ ಸೀರೆಗೆಂದು ತಮ್ಮ ಕೈಯಾರೆ ಬರೆದ ಗಿಳಿ.

"ಇನ್ಯಾರಿಗೂ ಕೊಡಲ್ಲ ಅಂತ ಮಾತು ಕೊಟ್ಟಿದ್ರಿ," ಎಂದಳು.

ಶಿವಾಜಿನಗರದ ಆ ಗಲ್ಲಿಯಲ್ಲಿ ಆಂಜನಮ್ಮನ ಟ್ರೇಸಿಂಗ್ ಅಂಗಡಿ ನಡೆಯುತ್ತಿದ್ದದ್ದೇ ಈ ಮಾತಿನ ಮೇಲೆ. ಚಿತ್ರದ ಹಾಳೆಗೆ ಸೂಜಿಯಿಂದ ತೂತು ಚುಚ್ಚಿ, ಸೀರೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಒರೆಸಿದರೆ ಚಿತ್ರ ಬಟ್ಟೆಗಿಳಿಯುತ್ತದೆ, ಕಸೂತಿ ಆಮೇಲೆ. ಸುಕನ್ಯಳ ಮಗಳ ಸೀರೆಗೆ ಗಿಳಿಯನ್ನು ಇಳಿಸಿಯಾಗಿತ್ತು, ಹಾಳೆ ಬೀರುವಿನಲ್ಲೇ ಇತ್ತು. ಕೀಲಿ ಇದ್ದದ್ದು ಇಬ್ಬರ ಬಳಿ—ಆಂಜನಮ್ಮ, ಮತ್ತು ಹನ್ನೊಂದು ವರ್ಷದಿಂದ ಅಲ್ಲಿ ದುಡಿಯುತ್ತಿದ್ದ ಸಾಬಮ್ಮ.

ಆಂಜನಮ್ಮ ಹಿಂದೆಮುಂದೆ ನೋಡಲಿಲ್ಲ. ಗಲ್ಲಿಯವರೆಲ್ಲ ನೋಡುತ್ತಿರುವಾಗಲೇ ಮೆಟ್ಟಿಲ ಮೇಲೆ ಸಾಬಮ್ಮನ ಚೀಲ ಸುರಿದಳು. ಊಟದ ಡಬ್ಬಿ, ಬಾಚಣಿಗೆ, ಕೆಮ್ಮಿನ ಔಷಧಿ. ಸಾಬಮ್ಮ ಏನೋ ಹೇಳಹೋದಳು.

"ಬಾಯ್ಮುಚ್ಕೊಂಡು ಹೋಗು."

ಸಾಬಮ್ಮ ಬಗ್ಗಿ ಒಂದೊಂದನ್ನೇ ಆಯ್ದುಕೊಂಡು ಹೋದಳು.

ಗಲ್ಲಿಯಲ್ಲಿ ಏನು ಕಳೆದರೂ ಕೇಳುವುದು ಎದುರಂಗಡಿಯ ಜರಿ ಕೆಲಸದ ಇನಾಯತ್ ಉಲ್ಲಾ ಅವರನ್ನೇ. ಮೂರನೇ ದಿನ ಅವರೇ ಆಂಜನಮ್ಮನನ್ನು ಕರೆಸಿ, ಹಾಳೆಯನ್ನೂ ಫೋಟೊವನ್ನೂ ಪಕ್ಕಪಕ್ಕ ಇಟ್ಟರು.

"ಹಾಳೇಲಿ ಗಿಳಿ ಎತ್ತ ನೋಡ್ತಿದೆ?"

"ಬಲಕ್ಕೆ."

"ಫೋಟೊದಲ್ಲಿ?"

"ಎಡಕ್ಕೆ… ಹಾಳೆ ಮಗುಚಿ ಹಾಕಿರ್ತಾಳೆ, ಭಾಯ್."

"ಹಾಳೆ ಕೈಲಿದ್ರೆ ಇದನ್ನ ಯಾಕೆ ಬಿಟ್ಟಳು?"

ಅವರು ಬೆರಳಿಟ್ಟು ತೋರಿಸಿದ್ದು ಫೋಟೊದ ಬಳ್ಳಿಯ ನಡುವೆ ಅಡ್ಡಲಾಗಿ ಬೆರಳಗಲದ ಖಾಲಿ ಪಟ್ಟಿ. ಹಾಳೆಯಲ್ಲಿ ಅದು ಇರಲಿಲ್ಲ. ಮೂರು ದಿನ ಆ ಫೋಟೊ ನೋಡಿ ಕುದ್ದಿದ್ದ ಆಂಜನಮ್ಮನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಆ ಹುಡುಗಿಗೆ ಮೆಹಂದಿ ಹಾಕಿದ್ದು ಯಾರು ಅಂತ ಕೇಳಿದ್ರಾ?"

"ಇಲ್ಲ."

"ನಾನು ಕೇಳಿದೆ. ಪಾರ್ಲರ್‌ನ ಹಂಸ."

ಹಂಸ ಆಂಜನಮ್ಮನ ಮಗಳು.

"ಸಾಬಮ್ಮ… ಅವಳಿಗೆ ಕೊಟ್ಟಳಾ?"

"ಕೈ ಚಾಚಿ."

ಆಂಜನಮ್ಮ ಎಡಗೈ ಚಾಚಿದಳು. ಕೆಲಸದ ಹೊತ್ತಲ್ಲಿ ಮುಂಗೈ ಮೇಲಕ್ಕೆ ಏರಿಸಿಕೊಳ್ಳುವ, ಕೀಲುನೋವಿಗೆಂದು ಹಾಕಿದ ತಾಮ್ರದ ಕಡಗ. ಬೆರಳಗಲ.

"ಸೀರೆ ಮೇಲೆ ನೀಲಿ ಹಸಿ ಇದ್ದಾಗ ಕೈ ಊರಿದ್ದೀರಿ. ಬಟ್ಟೆಯಿಂದ ಚರ್ಮಕ್ಕೆ ಬಂದಾಗ ಗಿಳಿ ಎಡಕ್ಕೆ ತಿರುಗ್ತು. ಕಡಗ ಇದ್ದ ಜಾಗಕ್ಕೆ ನೀಲಿ ಹತ್ತಲಿಲ್ಲ. ಮನೆ ಮುಟ್ಟೋ ಹೊತ್ತಿಗೆ ಕಡಗ ಮಣಿಕಟ್ಟಿಗೆ ಜಾರಿತ್ತು. 'ಅಮ್ಮನ ಕೈಲಿ ಚೆನ್ನಾಗಿ ಕಾಣ್ತು, ಬುಕ್ಕಲ್ಲಿ ಬರ್ಕೊಂಡೆ' ಅಂದಳು ಹಂಸ. ಆ ಗ್ಯಾಪೂ ಡಿಸೈನೇ ಅಂದ್ಕೊಂಡಳಂತೆ."

"ಹಾಗಾದ್ರೆ ಗಿಳೀನ ಅಂಗಡಿಯಿಂದ ಆಚೆ ಒಯ್ದಿದ್ದು—"

"ನೀವೇ, ಆಂಜನಮ್ಮ."

ಅಂಗಡಿಯ ಮೂಲೆಯಲ್ಲಿ, ಸ್ಟೂಲಿನ ಮೇಲೆ, ಸಾಬಮ್ಮ ಕುಳಿತಿದ್ದಳು. ಇನಾಯತ್ ಉಲ್ಲಾ ಅವಳನ್ನೂ ಕರೆಸಿದ್ದರು. ಆಂಜನಮ್ಮ ಅವಳತ್ತ ತಿರುಗಿ, ತಲೆಯೆತ್ತದೆ ಕೇಳಿದಳು.

"ಅವತ್ತು ಏನೋ ಹೇಳಕ್ಕೆ ಬಂದೆಯಲ್ಲ… ಏನದು?"

"ಗಿಳಿ ನಿಮ್ಮ ಕೈಗೆ ಅಂಟಿತ್ತಲ್ಲಕ್ಕ. ಒರೆಸ್ಕೊಳ್ಳಿ ಅಂತ ಸೀಮೆಎಣ್ಣೆ ಬಟ್ಟೆ ಕೊಟ್ಟಿದ್ದೆ. 'ಆಮೇಲೆ' ಅಂದ್ರಿ. ಅದನ್ನ ಜ್ಞಾಪಿಸೋಣ ಅಂತ."

ಸಾಬಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಆಂಜನಮ್ಮ ಸಹಿಸಿಕೊಳ್ಳುತ್ತಿದ್ದಳೇನೋ.

ಅವಳೆದ್ದು ಗಲ್ಲಿ ದಾಟಿ ತನ್ನ ಅಂಗಡಿಯ ಮೆಟ್ಟಿಲಿಗೆ ಹೋದಳು; ಸಾಬಮ್ಮ ಹಿಂದೆಯೇ ಬಂದಳು. ಗಲ್ಲಿಯವರು ಅವತ್ತಿನಂತೆಯೇ ತಿರುಗಿ ನೋಡಿದರು. ತನ್ನ ಚೀಲವನ್ನು ಬುಡಮೇಲು ಮಾಡಿ, ಅಲ್ಲೇ ಸುರಿದಳು.

"ತಪ್ಪು ನಂದು. ಸಾಬಮ್ಮಂದಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ.

ಕನ್ನಡಕದ ಡಬ್ಬಿ ಉರುಳಿ ಸಾಬಮ್ಮನ ಕಾಲ ಬಳಿ ನಿಂತಿತು. ಸಾಬಮ್ಮ ಅದನ್ನು ಎತ್ತಿಕೊಡಲಿಲ್ಲ. ಆಂಜನಮ್ಮ ಮಂಡಿಯೂರಿ, ಒಂದೊಂದನ್ನೇ ಆಯ್ದುಕೊಳ್ಳತೊಡಗಿದಳು.