ಹಿಂದಿನ ಸಂಚಿಕೆ ಓದದವಳು

“ಅಲ್ಲಾ… ಈ ಕಪ್ಪು ಶಾಲು ಹೊದ್ದಿರೋನು ಯಾರ್ರೀ? ಬಾಗಿಲಲ್ಲಿ ನಿಂತ್ಕೊಂಡು ಯಾಕೆ ಅಳ್ತಿದಾನೆ?”

ಚಿತ್ರಕಾರ ಬೆಚ್ಚಿ ತಲೆಯೆತ್ತಿದ. ಹೇಳದೆ ಕೇಳದೆ ಒಳನುಗ್ಗಿದ ಹುಡುಗಿಯೊಬ್ಬಳು, ಅವನು ಆಗಷ್ಟೇ ಮುಗಿಸಿ ಕಳಿಸಿದ್ದ ಹಾಳೆಯನ್ನು ಅವನ ಮೂಗಿಗೇ ಹಿಡಿದಿದ್ದಳು!

“ಕರಿಶಾಲು ಗೊತ್ತಿಲ್ವಾ? ನಾವಿಬ್ರೂ ಹುಟ್ಟೋಕ್ಕಿಂತ ಮುಂಚಿಂದ ಈ ಪತ್ರಿಕೇಲಿ ವಾರವಾರ ಬರ್ತಿದಾನೆ!”

“ನಮ್ಮಪ್ಪ ಚಿತ್ರಕಥೆ ಪುಸ್ತಕ ಕಂಡ್ರೆ ನೇರ ಒಲೆಗೆ ಹಾಕ್ತಿದ್ರು. ಗೊತ್ತಿಲ್ಲ ಅಂತಾನೇ ಇಲ್ಲಿ ಕೆಲಸ ಕೊಟ್ಟಿದಾರೆ.”

ಅದು ನಿಜವೇ. ಆ ವಾರಪತ್ರಿಕೆಯ ಸಂಪಾದಕಿಯಮ್ಮನದು ಒಂದೇ ಹಟ: ಯಾರು ಯಾವ ವಾರದ ಸಂಚಿಕೆ ಕೈಗೆತ್ತಿಕೊಂಡರೂ ಕಥೆ ಅರ್ಥವಾಗಬೇಕು. ಹಳೆಯ ಅಭಿಮಾನಿಗಳನ್ನೇ ನೆಚ್ಚಿಕೊಂಡರೆ ಕರಿಶಾಲುವೂ ಅವರ ಜೊತೆಗೇ ಮುದುಕನಾಗುತ್ತಾನೆ ಎನ್ನುತ್ತಿದ್ದರು ಆಕೆ. ಅದಕ್ಕೇ ಕರಿಶಾಲುವಿನ ಗಂಧಗಾಳಿಯೂ ಇಲ್ಲದ ಒಬ್ಬರನ್ನು ಹುಡುಕಿ ತಂದು ಮೂಲೆಯ ಕೋಣೆಯಲ್ಲಿ ಕೂರಿಸುತ್ತಿದ್ದರು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಹಾಳೆಯನ್ನೂ ಆ ಹೊಸಬರು ಓದಬೇಕು, ಅರ್ಥವಾಗದ್ದನ್ನು ಕೇಳಬೇಕು. ಕಥೆ ಕಟ್ಟಿ ಚಿತ್ರ ಬಿಡಿಸುವವನು ಅದನ್ನು ತಿದ್ದಬೇಕು. ಹಳೆಯ ಸಂಚಿಕೆಗಳನ್ನು ಮಾತ್ರ ಅವರು ಮುಟ್ಟುವಂತಿಲ್ಲ. ಪ್ರಶ್ನೆಗಳು ಮುಗಿದ ದಿನ ಕೆಲಸವೂ ಮುಗಿಯಿತು, ಆ ಕುರ್ಚಿಗೆ ಇನ್ನೊಬ್ಬರು ಹೊಸಬರು!

ಕಚೇರಿಯವರೆಲ್ಲ ಸೇರಿ ಅವಳಿಗೆ ‘ಹೊಸಮ್ಮ’ ಎಂದೇ ಹೆಸರಿಟ್ಟರು.

ವಾರವಾರವೂ ಹಾಳೆ ಹಿಡಿದು ಅವಳು ಮಹಡಿ ಹತ್ತುತ್ತಿದ್ದಳು. ಅವನು ಮುಖ ಗಂಟಿಕ್ಕುತ್ತಿದ್ದ, ಗೊಣಗುತ್ತಿದ್ದ, ಆಮೇಲೆ ಒಂದು ಸಣ್ಣ ಮಾತೋ ಒಂದು ಪುಟ್ಟ ಚಿತ್ರವೋ ಸೇರಿಸಿ ಎಲ್ಲವನ್ನೂ ತಿಳಿಯಾಗಿಸುತ್ತಿದ್ದ. ಆ ಮಸಿ ಮೆತ್ತಿದ ಬೆರಳುಗಳನ್ನು ನೋಡುತ್ತ ನಿಂತರೆ ಅವಳಿಗೆ ಕೇಳಬೇಕಾದ ಪ್ರಶ್ನೆಯೇ ಮರೆತುಹೋಗುತ್ತಿತ್ತು.

‘ಏನಾಗಿದೆ ನನಗೆ? ಹಾಳೆ ಬರೋ ದಿನ ಯಾವಾಗ ಬರುತ್ತೋ ಅಂತ ಕಾಯ್ತಿದೀನಲ್ಲ!’

ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಮನೆಯಲ್ಲಿ ಅಕ್ಕ ಬೇರೆ ಸುಮ್ಮನಿರಬೇಕಲ್ಲ! “ಏನೇ, ಬಾಚಿದ ತಲೆಯನ್ನೇ ಎಷ್ಟು ಸಲ ಬಾಚ್ತೀಯಾ? ಆ ಶಾಲಿನವನಿಗೋ, ಶಾಲು ಹೊದಿಸೋನಿಗೋ?” ಎಂದು ಕಾಲೆಳೆಯುತ್ತಿದ್ದಳು.

ಒಂದು ಸಂಜೆ ಕಚೇರಿಯ ಚಹಾದ ಕೋಣೆಯಿಂದ ಅವನ ದನಿ ಕೇಳಿಸಿತು. ಕರಿಶಾಲುವಿನ ಹಳೆಯ ಕಥೆಯೊಂದನ್ನು ಹೇಳುತ್ತ ಅವನು ಮಗುವಿನಂತೆ ನಗುತ್ತಿದ್ದ. ಅಷ್ಟು ಸಂತೋಷವಾಗಿ ಅವನು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಅವಳು ಒಳಗೆ ಕಾಲಿಟ್ಟಳು. ಅವನ ಬಾಯಿ ಅಲ್ಲಿಗೇ ಮುಚ್ಚಿತು.

“ಹೇಳಿ… ನಾನೂ ಕೇಳ್ತೀನಿ.”

“ಬೇಡ. ನಿಮಗೆ ಅದೆಲ್ಲ ಯಾಕೆ?”

ಅಷ್ಟೇ. ಲೋಟ ಅಲ್ಲೇ ಇಟ್ಟು ಹೊರಟೇಬಿಟ್ಟ.

ಅವಳ ಕಣ್ಣು ತುಂಬಿ ಬಂತು. ‘ನಾನು ಏನೂ ತಿಳಿಯದವಳು ಅಂತ ತಾನೇ? ಅವರಿಗೆ ಜೀವವಾಗಿರೋದು ನನಗೆ ಅರ್ಥ ಆಗಲ್ಲ ಅಂತ ತಾನೇ?’

ಅವಮಾನ, ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಅವನನ್ನು ಅರಿಯುವ ಆಸೆ… ಮೂರೂ ಸೇರಿ ಅವಳನ್ನು ಹಳೆಯ ಪುಸ್ತಕದಂಗಡಿಗೆ ಎಳೆದೊಯ್ದವು. ಸಿಕ್ಕಷ್ಟು ಸಂಚಿಕೆಗಳನ್ನು ಹೊತ್ತು ತಂದಳು. ತಪ್ಪೆಂದು ಗೊತ್ತಿದ್ದೂ ರಜೆಯ ದಿನ ಊಟ ನೀರು ಬಿಟ್ಟು ಓದಿದಳು. ಅಣ್ಣನ ಸಾವಿಗೆ ಕರಿಶಾಲುವೇ ಕಾರಣವೆಂದು ತಾಯಿ ಅವನನ್ನು ಮನೆಯಿಂದ ಹೊರಹಾಕಿದ್ದು, ಅಂದಿನಿಂದ ಅವನು ಯಾರ ಹೊಸ್ತಿಲನ್ನೂ ದಾಟದೆ ಬಾಗಿಲಲ್ಲೇ ನಿಲ್ಲುವುದು, ಎಲ್ಲವೂ ತಿಳಿಯಿತು. ಓದುತ್ತ ಓದುತ್ತ ಅತ್ತಳು. ಇಂಥವನನ್ನು ಬಿಡಿಸುವ ಕೈ ಎಷ್ಟು ಮೆತ್ತಗಿರಬೇಕು ಎಂದುಕೊಂಡಳು.

ಮುಂದಿನ ಹಾಳೆ ಬಂತು. ದೀಪ ಹಿಡಿದ ಮುದುಕಿಯೊಬ್ಬಳು ಬಾಗಿಲು ತೆರೆದು, “ಒಳಗೆ ಬಾ” ಎನ್ನುತ್ತಾಳೆ. ಕರಿಶಾಲು ಹೊಸ್ತಿಲು ದಾಟುತ್ತಾನೆ. ಮುದುಕಿ ಯಾರೆಂದು ಹಾಳೆಯಲ್ಲಿ ಎಲ್ಲೂ ಇಲ್ಲ.

ಹೊಸಮ್ಮ ಮೂಗೊರೆಸಿಕೊಳ್ಳುತ್ತ ಮಹಡಿ ಹತ್ತಿದಳು. “ತುಂಬಾ ಚೆನ್ನಾಗಿದೆ. ಕೇಳೋದು ಏನೂ ಇಲ್ಲ.”

ಅವನ ಮುಖ ಬಿಳಿಚಿಕೊಂಡಿತು. “ಏನೂ ಇಲ್ವಾ? ಈ… ಈ ಅಜ್ಜಿ ಯಾರು ಅಂತ ಕೇಳಲ್ವಾ?”

“ಅಜ್ಜಿ ಅಂತೀರಲ್ಲ! ಅವನ ತಾಯಿ ಅಲ್ವಾ…”

ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು ಆಡಿಯಾಗಿತ್ತು.

“ಓದಿಬಿಟ್ರಾ?” ಅವನು ಕುಂಚ ಕೆಳಗಿಟ್ಟ. “ಯಾಕೆ ಓದಿದ್ರಿ? ಇದನ್ನಾದ್ರೂ ಕೇಳೇ ಕೇಳ್ತೀರ ಅಂತ…”

“ಕೇಳ್ತಾಳೆ ಅಂತಾನೇ ನೀನು ಹೇಳದೆ ಬಿಟ್ಟಿದ್ದೆ, ಅಲ್ವೇನಪ್ಪಾ?” ಬಾಗಿಲಲ್ಲಿ ಸಂಪಾದಕಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಇವಳು ಬರೋ ಮುಂಚೆ ನಿನ್ನ ಹಾಳೆ ಕನ್ನಡಿ ಹಾಗಿರ್ತಿತ್ತು. ಬಂದ ಮೇಲೆ ತೂತೋ ತೂತು! ನನಗೆ ಕಣ್ಣು ಕಾಣಲ್ಲ ಅಂದ್ಕೊಂಡ್ಯಾ?”

ಆಕೆ ಹೊಸಮ್ಮನತ್ತ ತಿರುಗಿದರು.

“ನೀನೋ, ಓದಬಾರದ್ದನ್ನ ಓದಿದೆ. ಇನ್ನು ನೀನು ಹೊಸಬಳಲ್ಲಮ್ಮ. ಸೋಮವಾರ ಆ ಕುರ್ಚಿಗೆ ಬೇರೆಯವರು ಬರ್ತಾರೆ.” ಬೈದಂತೆಯೇ ಹೇಳಿದರೂ, ಹೋಗುವಾಗ ಆಕೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಕೆಲಸ ಹೋಯಿತು. ಆದರೆ ಅವಳ ಎದೆ ಹೊಡೆದುಕೊಳ್ಳುತ್ತಿದ್ದುದು ಅದಕ್ಕಲ್ಲ.

“ಬೇಕಂತಲೇ ಬಿಡ್ತಿದ್ರಾ?”

“ಪ್ರಶ್ನೆ ಮುಗಿದ್ರೆ ನೀವು ಹೋಗ್ಬಿಡ್ತೀರಲ್ಲ…”

“ಮತ್ತೆ ನಾನು ಬಂದ್ರೆ ಸಾಕು, ಬಾಯಿ ಮುಚ್ಕೊಳ್ತಿದ್ದದ್ದು?”

“ಒಂದು ಹಳೇ ಮಾತು ಕಿವಿಗೆ ಬಿದ್ರೂ ನಿಮ್ಮ ಒಂದು ಪ್ರಶ್ನೆ ಕಡಿಮೆ ಆಗ್ತಿತ್ತು. ಒಂದು ಸಲ ಮಹಡಿ ಹತ್ತೋದು ತಪ್ತಿತ್ತು. ಅಷ್ಟು ಲೆಕ್ಕ ಹಾಕಿದೀನಿ ನಾನು!”

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. “ನಾನು ಓದಿದ್ದು ನಿಮ್ಮ ಜೊತೆ ಮಾತಾಡೋಕೆ ಕಣ್ರೀ! ನಿಮಗೆ ಇಷ್ಟವಾದದ್ದು ನನಗೂ ಗೊತ್ತಿರಲಿ ಅಂತ…”

“ನನಗೆ ಇಷ್ಟವಾಗಿದ್ದು ಆ ಪುಸ್ತಕದಲ್ಲಿ ಇಲ್ಲ,” ಎಂದ ಅವನು. ಕಿವಿಯೆಲ್ಲ ಕೆಂಪಾಗಿತ್ತು. “ಇಲ್ಲಿ ನಿಂತಿದೆ… ನೀವು.”

ಕೆಳಗಿನ ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು.

“ಕರಿಶಾಲು ಬಗ್ಗೆ ಎಲ್ಲ ಗೊತ್ತಾಯ್ತು,” ಎಂದಳು ಅವಳು ಕಣ್ಣೊರೆಸಿಕೊಂಡು. “ನಿಮ್ಮ ಬಗ್ಗೆ ಏನೇನೂ ಗೊತ್ತಿಲ್ಲ. ಅದಕ್ಕೆ ಯಾರ ನಿಯಮಾನೂ ಅಡ್ಡ ಇಲ್ಲ ತಾನೇ?”

ಅವನ ಮುಖ ಅರಳಿತು. ಮರುಕ್ಷಣವೇ ಗಾಬರಿ. “ಅಯ್ಯೋ, ಎಷ್ಟೊಂದಿದೆ! ಎಲ್ಲಿಂದ ಶುರು ಮಾಡ್ಲಿ?”

ಅವಳು ಸ್ಟೂಲನ್ನು ಅವನ ಮೇಜಿನ ಪಕ್ಕಕ್ಕೆ ಎಳೆದುಕೊಂಡು ಕುಳಿತಳು.

“ಇವತ್ತಿಂದ. ಹಿಂದಿನದೆಲ್ಲ ಬೇಕಾದಾಗ ನಾನೇ ಕೇಳ್ತೀನಿ.”